ಗಂಗವ್ವನ ತಿಪ್ಪೆ

ಗೆಳೆಯ ಶಿವಾನಂದ ಈ ಕತೆ ಹೇಳುವ ರೀತಿಗೇ ನನ್ನ ತಕರಾರು. ಸಾಲಿಯ ಹದಿನಾರು ಹುಡುಗರು ಸಿರಸಂಗಿ ಕಡೆಯ ಹಳ್ಳಿಗೆ ಶ್ರಮದಾನಕ್ಕೆ ಹೋದೆವಂತೆ, ಬಡತನವನ್ನು ಕಣ್ಣಾರೆ ಕಂಡೆವಂತೆ, ಮೂರು ದಿನದಲ್ಲಿ ಊರನ್ನು ಕನ್ನಡಿ ಮಾಡಿ ಬಂದೆವಂತೆ. ಮೊನ್ನೆ ಬೈಲಹೊಂಗಲದ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಮತ್ತೆ ಅದನ್ನೇ ಶುರು ಮಾಡಿದ. ಅಷ್ಟರಲ್ಲಿ ಗೊಬ್ಬರದ ಚಕ್ಕಡಿಯೊಂದು ಹಾದುಹೋಯಿತು. ಅವನು ಮೂಗಿಗೆ ಕರವಸ್ತ್ರ ಹಿಡಿದ. ನನಗೆ ಗಂಗವ್ವ ನೆನಪಾದಳು.

ಮೂರು ದಿನ ಎಂಬುದೇನೋ ಖರೆ. ಆದರೆ ಯಾವ ದಿನ ಏನು ಮಾಡಿದೆವು ಎಂಬುದನ್ನು ಅವನು ಜಾಣತನದಿಂದ ನುಂಗುತ್ತಾನೆ.

ಆ ವರ್ಷ ನಾನು ಚರ್ಚಾಸ್ಪರ್ಧೆಯಲ್ಲಿ 'ಬಡತನಕ್ಕೆ ಅಜ್ಞಾನವೇ ಕಾರಣ' ಎಂದು ವಾದಿಸಿ ಸಾಲಿಗೆ ಢಾಲು ಗೆದ್ದು ತಂದಿದ್ದೆ. ಗಂಟೆ ಬಾರಿಸಿದರಷ್ಟೇ ಬಾಯಿ ಮುಚ್ಚುವವನು ನಾನು. ಆ ಹಳ್ಳಿಯಲ್ಲಿ ಗಂಟೆ ಬಾರಿಸುವವರೇ ಇರಲಿಲ್ಲ, ನೀವೇ ಊಹಿಸಿಕೊಳ್ಳಿ. ಮಾಸ್ತರರು ಅಕ್ಕಿ-ಬೇಳೆ ತರಲು ಸವದತ್ತಿಗೆ ಹೋಗಿದ್ದರು. ಹೊಲಕ್ಕೆ ಹೋಗದೆ ಉಳಿದ ನಾಲ್ಕೈದು ಮುದುಕ-ಮುದುಕಿಯರ ಮುಂದೆ ಸ್ವಚ್ಛತೆಯ ಬಗ್ಗೆ ಮುಕ್ಕಾಲು ತಾಸು ಮಾತಾಡಿ, ಬುಟ್ಟಿ ಸಲಿಕೆ ಹಿಡಿದು, ಕಣ್ಣಿಗೆ ಬಿದ್ದ ಮೊದಲ ಹೊಲಸಿನ ಮೇಲೆ ದಾಳಿ ಮಾಡಿದೆವು. ಅದು ಒಂದು ಗುಡಿಸಲ ಹಿಂದಿನ ಆಳೆತ್ತರದ ತಿಪ್ಪೆ. ಸಂಜೆಯೊಳಗೆ ಅಷ್ಟನ್ನೂ ಬತ್ತಿದ ಹಳ್ಳಕ್ಕೆ ಸುರಿದು, ಖಾಲಿ ಜಾಗಕ್ಕೆ ಸುಣ್ಣದ ಗೆರೆ ಬೇರೆ ಎಳೆದೆವು.

ಅಷ್ಟೊತ್ತೂ ಹೊಸ್ತಿಲಲ್ಲಿ ಸುಮ್ಮನೆ ಕೂತಿದ್ದ ಗುಡಿಸಲ ಒಡತಿ ಗಂಗವ್ವ ಆಗ ಬಾಯಿ ಬಿಟ್ಟಳು.

"ತಮ್ಮಾ, ಅದು ಕಸ ಅಲ್ಲಪಾ. ವರ್ಷಾನಗಟ್ಲೆ ಕೂಡಿಸಿದ್ದ ಗೊಬ್ಬರ. ಹೊಲಕ್ಕ ಹಾಕಲಿಲ್ಲಂದ್ರ ಬರೂ ವರ್ಷ ಜ್ವಾಳ ಎಲ್ಲಿಂದ ಬರಬೇಕು?"

ನನ್ನ ವಾದ ಸಾಬೀತಾಯಿತು ನೋಡಿ. ಅಜ್ಞಾನ ನಮ್ಮದು, ಬಡತನ ಮಾತ್ರ ಆಕೆಯ ಪಾಲಿಗೆ.

ಮರುದಿನ ಬಂದ ಮಾಸ್ತರರು ಬೈಯಲಿಲ್ಲ. "ಭಾಷಣ ಚಲೋ ಆಗಿತ್ತಂತಲ್ಲೋ. ಇನ್ನ ಹೊರು," ಎಂದರು. ಎರಡು ದಿನ ಹಳ್ಳದ ದಂಡೆ ಏರಿ ತಿಪ್ಪೆಯನ್ನು ತಿರುಗಿ ಹೊತ್ತೆವು. ಊರಿಗೆ ಊರೇ ನೋಡಲು ನಿಂತಿತ್ತು. ನಾಳೆ ಮತ್ತೆ ಹಳ್ಳಕ್ಕೆ ಹಾಕುತ್ತಾರೇನ್ರಿ ಎಂದು ಒಬ್ಬ ಅಜ್ಜ ಮಾಸ್ತರರನ್ನು ವಿಚಾರಿಸಿದ. ನಾವು ಬುಟ್ಟಿಯನ್ನು ಬರಿತಲೆಯ ಮೇಲೆ ಇಟ್ಟುಕೊಳ್ಳುವುದನ್ನು ನೋಡಲಾರದೆ ಗಂಗವ್ವ ಹಳೆಯ ಸೀರೆ ಹರಿದು ಹದಿನಾರು ಸಿಂಬಿ ಸುತ್ತಿಕೊಟ್ಟಳು. "ಕುತ್ತಿಗಿ ಉಳುಕಿಸ್ಕೊಂಡು ಹೋದ್ರ ನಿಮ್ಮವ್ವ ನನ್ನ ಬೈತಾಳ," ಎಂದು ನಕ್ಕಳು.

ಕೊನೆಯ ದಿನ ಆಕೆಯ ಒಲೆಯ ಮುಂದೆ ಬಿಸಿ ರೊಟ್ಟಿ, ಝುಣಕ. ನಾನು ಆಗಲೂ ವಾದಿಯೇ. ತಪ್ಪು ಆಕೆಯದೇ ಎನ್ನುವಂತೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಉಣ್ಣು ಮೊದ್ಲ," ಎಂದು ಇನ್ನೊಂದು ರೊಟ್ಟಿ ಹಾಕಿದಳು. ಉಂಡೆ. ಮರೆತೆ.

ಮೊನ್ನೆ ಚಕ್ಕಡಿ ಹೋದ ಮೇಲೂ ವಾಸನೆ ನಿಂತೇ ಇತ್ತು. ಇಷ್ಟು ವರ್ಷ ಈ ಕತೆಯ ಒಂದು ಭಾಗವನ್ನು ಬಿಟ್ಟು ಹೇಳಿದ್ದು ಶಿವಾನಂದನೊಬ್ಬನೇ ಅಲ್ಲ ಎಂದು ಆಗ ಹೊಳೆಯಿತು. ಅವನ ಕೈಯನ್ನು ಮೂಗಿನಿಂದ ಇಳಿಸಿ ಕೇಳಿದೆ:

"ನನ್ನ ಭಾಷಣದ ನಡುವ ಆಕಿ ಎರಡು ಸಲ ಎದ್ದು ನಿಂತಿದ್ಲಲ್ಲೋ. 'ಕುಂದರಬೇ, ಆಮ್ಯಾಲ ಹೇಳೀಯಂತ' ಅಂದವರು ಯಾರು, ನೀನೋ ನಾನೋ?"