ಅಪ್ಪನ ಕುದುರೆಗೆ ಸಿಕ್ಕ ಹೆಸರು

ಬೆಳಿಗ್ಗೆ ಮೊಮ್ಮಗಳು ಕಾಲೇಜಿನ ಪುಸ್ತಕ ಹಿಡಿದು ‘ಮೃಗೀಕರಣ’ ಅಂತ ಓದುತ್ತಿದ್ದಳು. ಹಾಗಂದ್ರೇನೇ ಅಂದೆ.

“ಮನುಷ್ಯರನ್ನ ಪ್ರಾಣಿ ಮಟ್ಟಕ್ಕೆ ಇಳಿಸೋದು ತಾತ. ಹಂದಿ, ನಾಯಿ ಅಂತ ಕರೆದು, ಆಮೇಲೆ ಹಂಗೇ ನಡೆಸ್ಕೊಳೋದು.”

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ಈ ಪದವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಪ್ಪ ಜಟಕಾ ಓಡಿಸುತ್ತಿದ್ದರು. ಕುದುರೆಯನ್ನು ‘ಮಗಾ’ ಅಂತ ಕರೆಯೋರು, ನನ್ನನ್ನು ‘ಕತ್ತೆ’ ಅಂತ. ಸಂಜೆ ಬಂದವರೇ ಅದರ ಬೆವರಿದ ಮೈ ತಿಕ್ಕಿ, ನೆನೆಸಿದ ಹುರುಳಿಯನ್ನು ಅಂಗೈಯಲ್ಲಿ ಹಿಡಿದು ತಿನ್ನಿಸೋರು. “ಸುಸ್ತಾಯ್ತೇನೋ ಮಗಾ” ಅಂತ ಕೇಳೋರು. ಅದಕ್ಕೆ ಬೋಗಾದಿ ಕಡೆಯ ಹೊಲದ ಬದುಗಳಲ್ಲಿ ಹುಲ್ಲು ಕೊಯ್ದು ಹೊತ್ತು ತಂದು ನನ್ನ ಕತ್ತು ಬಿದ್ದುಹೋಗಿರೋದು. ನನಗೆ ಮಾತ್ರ, “ಏ ಕತ್ತೆ, ನೀರಿಡು.”

ಒಂದು ಸಲ ನನಗೆ ಜ್ವರ ಬಂತು. “ಹುಡುಗನ ಮೈ ಸುಡ್ತಾ ಅದೆ, ಒಸಿ ಮುಟ್ಟಿ ನೋಡಿ” ಅಂದಳು ಅಮ್ಮ. ಅಪ್ಪ ಕೂತು, ಕುದುರೆಗೆ ಮಾಡುವ ಹಾಗೇ ನನ್ನ ದವಡೆ ಕೆಳಗೆ ಕೈಯಿಟ್ಟರು, ಕಿವಿ ಹಿಡಿದು ನೋಡಿದರು. “ಎರಡು ದಿನ ಕಟ್ಟಾಕು, ಹೊರಗೆ ಬುಡ್ಬೇಡ” ಅಂದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಕಣ್ಣು ಮುಚ್ಚಿಕೊಂಡು ಅಲ್ಲಾಡದೆ ಮಲಗಿದೆ. ಅಷ್ಟರಲ್ಲಿ ಹೊರಗೆ ಅದು ಕೆನೆಯಿತು. ಅಪ್ಪ ಕೈ ತೆಗೆದು ಎದ್ದು ಹೋದರು.

ಇದನ್ನೆಲ್ಲ ಕೇಳಿ ಮೊಮ್ಮಗಳು “ಪಾಪ ತಾತ” ಅಂದಳು. ಪಾಪಗೀಪ ಏನೂ ಬೇಡ ಕಣಮ್ಮ. ಅಪ್ಪನ ಮೇಲಿನ ಸಿಟ್ಟು ಎಂದೋ ಹೋಯಿತು. ಆ ಕುದುರೆಯ ಮೇಲಿನದು ಇನ್ನೂ ಹೋಗಿಲ್ಲ.