ಅಗಳಿನ ಆಚೆ ಬಿದ್ದ ಅನ್ನ

ಹೊಸ ಪುಸ್ತಕದ ಅಂಟಿನ ವಾಸನೆ ನಿಮಗೂ ಗೊತ್ತಿರಬೇಕು. ಬೆಳಗಿನಿಂದ ಅದನ್ನೇ ಮೂಸುತ್ತಿದ್ದೇನೆ. ನನ್ನ ಮೊಮ್ಮಗಳು ಸುಮ ಡಾಕ್ಟರೇಟಿಗೆ ಬರೆದ ಪ್ರಬಂಧ ಇದು. ನೀಲಿ ರಟ್ಟು, ಚಿನ್ನದ ಬಣ್ಣದ ಅಕ್ಷರ, ಎತ್ತಿದರೆ ಮಣೆಯಷ್ಟು ಭಾರ. ಒಳಗೆಲ್ಲ ಇಂಗ್ಲಿಷು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದೇನು ತಿಳಿದೀತು ಹೇಳಿ! ಆದರೂ ಒಂದೊಂದೇ ಹಾಳೆ ತಿರುವಿ ನೋಡಿದ್ದೇನೆ. ಒಂದೇ ಜಾಗದ ಮೇಲೆ ಎರಡು ಕಾಯ್ದೆ ಬಂದು ಕೂತರೆ ಯಾವುದು ನಡೆಯಬೇಕು, ಯಾರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಅನ್ನುವ ವಿಚಾರವಂತೆ. ಮೊದಲ ಅಧ್ಯಾಯವೇ ನಮ್ಮ ಮನೆಯದು, ನಾನು ಹೇಳಿದ್ದು.

ಸಂಕಟ ಇರುವುದೂ ಅಲ್ಲೇ. ‘ಅಜ್ಜಿ ಹೇಳಿದ್ದನ್ನೆಲ್ಲ ಹಾಕಿದರೆ ಪರೀಕ್ಷಕರು ಒಪ್ಪಲ್ಲ, ತೆಗೆದುಬಿಡು’ ಅಂತ ಅವಳ ಗೈಡು ಮೊದಲೇ ಹೇಳಿದ್ದರಂತೆ. ಇವಳು ತೆಗೆಯಲಿಲ್ಲ. ಇವತ್ತು ಅವಳನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುತ್ತಾರೆ. ನನ್ನ ಬಾಯಿಯಿಂದಾಗಿ ಇಷ್ಟು ವರ್ಷದ ಓದು ನೀರುಪಾಲಾದರೆ? ಅಂಗಳ ಗುಡಿಸಿದ್ದನ್ನೇ ಗುಡಿಸುತ್ತಿದ್ದೇನೆ. ಹಾಲು ಒಲೆಗಿಟ್ಟು ಮರೆತು ಉಕ್ಕಿಸಿದೆ. ಕೊನೆಗೆ ಇದನ್ನು ಬರೆಯುತ್ತ ಕೂತಿದ್ದೇನೆ.

ನಡೆದದ್ದು ಇಷ್ಟೇ. ನನ್ನ ಗಂಡನ ಮನೆಯವರನ್ನು ಶರಾವತಿ ಹಿನ್ನೀರು ಎಬ್ಬಿಸಿದಾಗ ರೆವಿನ್ಯೂದವರು ಹೊಸನಗರದ ಬದಿಗೆ ಈ ಜಾಗ ತೋರಿಸಿದ್ದರು. ಉಸಿರು ಬಿಡುವುದರೊಳಗೆ ಫಾರೆಸ್ಟಿನವರು ಬಂದು ಅದರ ನಡುವೆಯೇ ಅಗಳು ತೋಡಿದರು. ಅಗಳು ಅಂದರೆ ಉದ್ದಕ್ಕೆ ತೆಗೆದ ಕಂದಕ. ರೆವಿನ್ಯೂದವರು ಬಂದರೆ ‘ಆಚೆದೂ ನಿಮ್ದೇ’ ಅನ್ನುವರು. ಗಾರ್ಡು ಬಂದರೆ ‘ಈಚೆದೂ ನಮ್ದೇ’ ಅನ್ನುವನು. ಇಬ್ಬರೂ ಕೂತು ತಿನ್ನುತ್ತಿದ್ದುದು ನಮ್ಮ ಒಂದೇ ಹಲಸಿನ ಮರದ ಹಣ್ಣು. ಆ ಮರ ಯಾವ ಇಲಾಖೆಯದು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಭೂಮಿ ಹುಣ್ಣಿಮೆ ಬಂತು. ಬಸುರಿ ಭೂಮಿಗೆ ಬಯಕೆ ಉಣಿಸುವ ಹಬ್ಬ. ಅನ್ನಕ್ಕೆ ಬೆರಕೆ ಸೊಪ್ಪು ಬೇಯಿಸಿ ಕಲಸಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ಜಮೀನು ತುಂಬಾ ಬೀರಿ ಬರಬೇಕು. ಅದಕ್ಕೆ ಚರಗ ಅನ್ನುತ್ತೇವೆ. ನಮ್ಮ ಯಜಮಾನರು ಈಚೆ ಬೀರಿ ಮುಗಿಸಿ ಅಗಳಿಗೆ ಇಳಿಯಲು ಹೊರಟರು. ಗಾರ್ಡು ಅಡ್ಡ ನಿಂತ.

“ನಾಯ್ಕರೇ, ಆಚೆ ಕಾಲಿಟ್ರೆ ಕೇಸ್ ಹಾಕ್ತೀನಿ.”

“ರೆವಿನ್ಯೂದವ್ರು ನಮ್ದು ಅಂತಾರಲ್ಲ ಮಾರಾಯ್ರೇ.”

“ಅವ್ರ ಕಾಯ್ದೆ ಅವ್ರಿಗೆ. ಇಲ್ಲಿ ನಂದು.”

ಇವರು ಇಳಿಯಲಿಲ್ಲ. ಅಂಚಿನಲ್ಲೇ ನಿಂತು ಅನ್ನವನ್ನು ಆಚೆಗೆ ಬೀಸಿ ಎಸೆಯತೊಡಗಿದರು. ಗಾರ್ಡು ಕಕ್ಕಾಬಿಕ್ಕಿ.

“ಕಾಡಿಂದ ಸೊಪ್ಪು ತಂದಿದ್ರೆ ಕೇಸ್ ಬರೀತಿದ್ದೆ. ಒಳಗೆ ಅನ್ನ ಹಾಕಿದ್ರೆ ಎಂತ ಬರೀಲಿ ನಾಯ್ಕರೇ?”

“ನಂಗೆಂತ ಗೊತ್ತು? ಕಾಯ್ದೆ ನಿಮ್ದು. ಕಡುಬು ಇದೆ, ತಿಂದ್ಕೊಂಡು ಯೋಚ್ನೆ ಮಾಡಿ.”

ತಿಂದ. ಯೋಚನೆಯನ್ನೂ ಮಾಡಿದ. ಏನನ್ನೂ ಬರೆಯದೆ ಹೋದ. ಆಮೇಲೆ ಪ್ರತಿ ವರ್ಷವೂ ಅಂಚಿನಿಂದಲೇ ಎಸೆದರು. ನಾನು ನಗುತ್ತಿದ್ದೆ, ಅವರು ನಗುತ್ತಿರಲಿಲ್ಲ. “ಆ ತುದಿಗೆ ಮುಟ್ಟಲ್ಲ ಕಣೇ, ಅಲ್ಲಿ ಭೂಮ್ತಾಯಿ ಹಸ್ಕೊಂಡೇ ಇರ್ತಾಳೆ” ಅನ್ನುವರು. ಕೈಯಲ್ಲಿ ಬಲ ಇರುವವರೆಗೂ ಎಸೆದರು. ಈಗ ಅವರಿಲ್ಲ.

ಇಷ್ಟು ಬರೆಯುವುದರಲ್ಲಿ ಫೋನು ಬಡಿದುಕೊಂಡಿತು. ಮನೆಯೊಳಗೆ ಸಿಗ್ನಲ್ಲು ಬಂದು ಬಂದು ಹೋಗುತ್ತದೆ. ‘ಅಜ್ಜೀ…’ ಅಂದದ್ದು ಕೇಳಿತು, ಮುಂದೆ ಬರೀ ಗೊರಗೊರ. ಫೋನು ಕಿವಿಗೊತ್ತಿಕೊಂಡು ಸಿಗ್ನಲ್ಲು ಹುಡುಕಿ ಹೊರಗೆ ಓಡಿದೆ.

“ಎಂತ ಆತೇ? ನಾನು ಹೇಳಿದ್ದು ತೆಗೆದು ಹಾಕು ಅಂದ್ರಾ?”

“ಅದನ್ನೇ ಕೇಳಿದ್ರು ಅಜ್ಜಿ! ಗಾರ್ಡು ಸರಿಯೋ, ನಿಮ್ಮಜ್ಜ ಸರಿಯೋ ಅಂತ.”

“ನೀನೆಂತ ಹೇಳ್ದೆ?”

“ಎರಡು ಕಾಯ್ದೆ ಜಗಳ ಆಡಿದ್ರೆ ಬಗೆಹರಿಸೋ ಭಾರ ಕಾಯ್ದೆ ಮಾಡಿದವರದ್ದು. ಅಗಳಿನ ಅಂಚಲ್ಲಿ ಬುಟ್ಟಿ ಹಿಡ್ಕೊಂಡು ನಿಂತವನ ತಲೆ ಮೇಲೆ ಹಾಕ್ಬಾರ್ದು ಅಂದೆ.”

“ಅದಕ್ಕೆ?”

“ಅದನ್ನ ಬರ್ಕೊಂಡ್ರು. ಆಮೇಲೆ ಪಾಸ್ ಅಂದ್ರು. ಡಾಕ್ಟರ್ ಸುಮ, ಅಜ್ಜೀ!”

ನನಗೆ ಕೂಗಬೇಕೋ ಕುಣಿಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

“ಅಜ್ಜೀ, ಆಚೆ ಎಂತ ಮಾಡ್ತಿದೀರಿ?” ಅಂತ ಯಾರೋ ಕರೆದರು. ಈಗಿನ ಗಾರ್ಡು, ಚಿಕ್ಕ ವಯಸ್ಸಿನವನು. ಸುತ್ತ ನೋಡಿದೆ. ಮಣ್ಣು ತುಂಬಿ ಮೊಣಕಾಲುದ್ದ ಉಳಿದ ಅಗಳನ್ನು ಯಾವಾಗ ದಾಟಿದ್ದೆನೋ! ನಮ್ಮ ಯಜಮಾನರು ಎಸೆದ ಅನ್ನ ಒಮ್ಮೆಯೂ ಮುಟ್ಟದಷ್ಟು ದೂರಕ್ಕೆ ಬಂದು ನಿಂತಿದ್ದೆ.

“ಬನ್ನಿ, ಕೈ ಕೊಡಿ. ಸಾಹೇಬ್ರು ನೋಡಿದ್ರೆ ಕಷ್ಟ.”

“ತಡಿಯೋ ಮಗಾ, ಇಲ್ಲಿ ಚೆನ್ನಾಗಿ ಕೇಳ್ತದೆ. ಸಾಗರಕ್ಕೆ ಮಗಳಿಗೆ ಹೇಳ್ಬೇಕು, ತೀರ್ಥಹಳ್ಳಿ ತಮ್ಮಂಗೆ ಹೇಳ್ಬೇಕು” ಅಂದು ಅಲ್ಲೇ ನೆಲಕ್ಕೆ ಕೂತು, ಫೋನು ಒತ್ತತೊಡಗಿದೆ.