ಕೊನೆಯಲ್ಲಿ ಓದುವವಳು

ನಮ್ಮ ಶಾಲೆ ಬಂದರಿನ ಹತ್ತಿರ, ಗೋದಾಮುಗಳ ಸಾಲು ಮುಗಿಯುವಲ್ಲಿ ಇದೆ. ಕನ್ನಡ ಮಾಧ್ಯಮ. ನಾನು ಅಲ್ಲಿ ನಾಲ್ಕನೇ ತರಗತಿಯ ಟೀಚರ್. ನನ್ನ ತರಗತಿಯ ಇಪ್ಪತ್ತೆರಡು ಮಕ್ಕಳಲ್ಲಿ ಒಬ್ಬರ ಮನೆಯಲ್ಲೂ ಕನ್ನಡ ಆಡುವುದಿಲ್ಲ. ಬ್ಯಾರಿ, ತುಳು, ಒಂದೆರಡು ಮನೆಗಳಲ್ಲಿ ಕೊಂಕಣಿ. ನನ್ನ ಮನೆಮಾತೂ ಕೊಂಕಣಿಯೇ. ಆದ್ದರಿಂದ ಮಕ್ಕಳ ಕಷ್ಟ ನನಗೆ ಗೊತ್ತು ಎಂದು ಹೇಳಿಕೊಂಡು ತಿರುಗುತ್ತಿದ್ದವಳು ನಾನು.

ವಾರಕ್ಕೊಂದು ಕ್ರಮ ಇತ್ತು. ಸೋಮವಾರ ಕಾಪಿ ಬರಹ, ಬುಧವಾರ ಮಗ್ಗಿ, ಶುಕ್ರವಾರ ಉಕ್ತಲೇಖನ. ಉಕ್ತಲೇಖನದ ಹತ್ತು ಶಬ್ದಗಳನ್ನು ಹಿಂದಿನ ದಿನವೇ ಬೋರ್ಡಿನ ಮೇಲೆ ಬರೆದು ಕೊಡುತ್ತಿದ್ದೆ, ಮಕ್ಕಳು ತಪ್ಪು ಮಾಡಿದರೆ ನನಗೇ ಸಿಟ್ಟು ಬರುತ್ತದಲ್ಲ ಎಂದು. ಶನಿವಾರ ಬೆಳಿಗ್ಗೆ ಗಟ್ಟಿ ಓದು. ಹಾಜರಿ ಪುಸ್ತಕದ ಕ್ರಮದಲ್ಲಿ ಒಬ್ಬೊಬ್ಬರೇ ಎದ್ದು ಒಂದೇ ಪಾಠದ ಒಂದೇ ಪುಟವನ್ನು ಓದಬೇಕು. ಗಂಡುಮಕ್ಕಳು ಮೊದಲು, ಹೆಣ್ಣುಮಕ್ಕಳು ಆಮೇಲೆ.

ಕಟ್ಟಕಡೆಗೆ ಒಬ್ಬ ಹುಡುಗಿ. ಜೂನ್ ಕೊನೆಯಲ್ಲಿ ಬೇರೆ ಶಾಲೆಯಿಂದ ಬಂದು ಸೇರಿದ್ದರಿಂದ ಅವಳ ಹೆಸರು ಹಾಜರಿಯ ತಳದಲ್ಲಿತ್ತು. ತಂದೆ ಗಲ್ಫಿನಲ್ಲಿ ಅಂಗಡಿ ಕೆಲಸ, ತಾಯಿ ಮತ್ತು ಅವಳು ಗೋದಾಮಿನ ಹಿಂದಿನ ಬಾಡಿಗೆ ಮನೆಯಲ್ಲಿ. ಅವಳು ಓದುವಾಗ ಇಡೀ ತರಗತಿ ಸುಮ್ಮನಾಗುತ್ತಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಏರಿಸಬೇಕು ಎಲ್ಲ ಸರಿ. ಉಕ್ತಲೇಖನದಲ್ಲಿ ಆಗಾಗ ಎಡವುತ್ತಿದ್ದಳು, ಆದರೆ ಅರ್ಧ ತರಗತಿಯೇ ಎಡವುತ್ತಿತ್ತು. ಸ್ಟಾಫ್ ರೂಮಿನಲ್ಲಿ ನಾನು ಅವಳ ಓದನ್ನು ಹೊಗಳಿ ಹೊಗಳಿ ಉಳಿದ ಟೀಚರುಗಳ ತಲೆ ತಿಂದಿದ್ದೆ.

ಫೆಬ್ರವರಿಯ ಒಂದು ಶನಿವಾರ ಇಲಾಖೆಯಿಂದ ಒಬ್ಬರು ಅಧಿಕಾರಿ ತರಗತಿ ನೋಡಲು ಬಂದರು. ನನಗೆ ಜಂಬ. ಹೊಸ ಪಾಠ ತೆರೆಯಲು ಹೇಳಿ, ಎಂದೂ ಇಲ್ಲದ ಹಾಗೆ ಮೊದಲು ಅವಳನ್ನೇ ಎಬ್ಬಿಸಿದೆ. ಅವಳು ಪುಸ್ತಕ ಹಿಡಿದು ನಿಂತಳು. ಬಾಯಿ ಬಿಡಲಿಲ್ಲ.

"ಎಂತ ಆಯ್ತು? ಓದು," ಎಂದೆ.

"ಇನ್ನೂ ಯಾರೂ ಓದ್ಲಿಲ್ಲ ಟೀಚರ್," ಎಂದಳು.

ನನಗೆ ಆ ಕ್ಷಣವೇ ಅರ್ಥವಾಯಿತು. ವಾರವಾರವೂ ಇಪ್ಪತ್ತೊಂದು ಸಲ ಕೇಳಿ, ಇಪ್ಪತ್ತೆರಡನೆಯ ಸಲ ತಾನು ಹೇಳುತ್ತಿದ್ದಳು. ಪುಟದ ಮೇಲಿನ ಅಕ್ಷರಕ್ಕೂ ಅವಳಿಗೂ ಸಂಬಂಧವೇ ಇರಲಿಲ್ಲ. ಉಕ್ತಲೇಖನದ ಹತ್ತು ಶಬ್ದಗಳನ್ನೂ ಬೋರ್ಡಿನಲ್ಲಿದ್ದ ಕ್ರಮದಲ್ಲೇ ಚಿತ್ರದ ಹಾಗೆ ನೆನಪಿಟ್ಟು ಬರೆಯುತ್ತಿದ್ದಳು.

"ಹುಷಾರಿಲ್ವಾ ಅವಳಿಗೆ?" ಎಂದು ಅಧಿಕಾರಿ ಕೇಳಿದರು.

"ಹೌದು ಸರ್, ನಿನ್ನೆಯಿಂದ ಜ್ವರ ಉಂಟು," ಎಂದೆ. ಹಣೆ ಮುಟ್ಟಿಯೂ ನೋಡಿದೆ. ತಣ್ಣಗಿತ್ತು. ಪಾಪದ ಹುಡುಗಿ, ಶಾಲೆ ಬಿಡುವ ತನಕ ಡೆಸ್ಕಿನ ಮೇಲೆ ತಲೆಯಿಟ್ಟು ಕುಳಿತು ನನ್ನ ಸುಳ್ಳನ್ನು ಕಾಪಾಡಿದಳು.

ಎಲ್ಲರೂ ಹೋದ ಮೇಲೆ, ಯಾವಾಗಿನಿಂದ ಹೀಗೆ ಎಂದು ಕೇಳಿದೆ. "ಯಾವಾಗ್ಲೂ ಹೀಗೆಯೇ ಟೀಚರ್. ನಾನು ಕೊನೆಗೆ ಅಲ್ವಾ?" ಎಂದಳು. ಮುಖದಲ್ಲಿ ಕಳ್ಳತನ ಇರಲಿಲ್ಲ. ಓದುವುದೆಂದರೆ ಹಾಗೆಯೇ ಎಂದು ಅವಳು ತಿಳಿದಿದ್ದಳು. ನಾನೂ ಚಿಕ್ಕವಳಿದ್ದಾಗ ಸಂಜೆಯ ಪ್ರಾರ್ಥನೆಯನ್ನು ಅರ್ಥ ಗೊತ್ತಿಲ್ಲದೆ ತುದಿಯಿಂದ ತುದಿಗೆ ಹೇಳಿ, ದೊಡ್ಡವರಿಂದ ಜಾಣೆ ಎನಿಸಿಕೊಂಡಿದ್ದೆ. ಆ ಹೊಗಳಿಕೆಯ ರುಚಿ ಗೊತ್ತಿದ್ದವಳೇ ಇವಳನ್ನು ಹಾಗೆ ಹೊಗಳಿ ಕೂರಿಸಿದ್ದೆನಲ್ಲ ಎಂದು ನಾಚಿಕೆಯಾಯಿತು.

ಉಳಿದದ್ದು ಎರಡು ತಿಂಗಳೂ ಇಲ್ಲ. ಐದನೇ ತರಗತಿಗೆ ಹೋದರೆ ಅಲ್ಲಿ ಅಕ್ಷರ ಕಲಿಸುವವರು ಯಾರೂ ಇರುವುದಿಲ್ಲ, ಪಾಠಗಳು ಅವಳನ್ನು ಬಿಟ್ಟು ಮುಂದೆ ಹೋಗುತ್ತವೆ. ಮಧ್ಯಾಹ್ನದ ಊಟವಾದ ಮೇಲೆ ದಿನಾ ಅರ್ಧ ಗಂಟೆ ಅವಳನ್ನು ಕೂರಿಸಿಕೊಂಡೆ. ಹೊರಗೆ ಉಳಿದವರು ಆಡುತ್ತಿದ್ದರು. ಅವಳು ಕಿಟಕಿಯ ಕಡೆ ನೋಡಿದರೆ ನಾನು ಗದರುತ್ತಿದ್ದೆ. ತಾಳ್ಮೆ ನನ್ನ ಜಾಯಮಾನದಲ್ಲಿ ಇಲ್ಲ. ಒಮ್ಮೆ ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡದ್ದೂ ಉಂಟು. ಮರುದಿನ ಅವಳೇ ಮೊದಲು ಬಂದು ಕುಳಿತಿದ್ದಳು. ಮಾರ್ಚ್ ಮುಗಿಯುವಾಗ ಅಕ್ಷರ ಕೂಡಿಸಿ ಕೂಡಿಸಿ, ಒತ್ತಕ್ಷರ ಬಂದಲ್ಲಿ ನಿಂತು, ಬೆರಳಿಟ್ಟು ಒಂದು ಸಾಲು ದಾಟುವಷ್ಟು ಆಯಿತು. ಮೊದಲಿನ ಆ ಚೆಂದದ ಓದು ಪೂರ್ತಿ ಹೋಗಿತ್ತು.

ಪ್ರಗತಿ ಪತ್ರ ಬರೆಯುವ ದಿನ ಬಂತು. ಮುಂದಿನ ವರ್ಷದ ಟೀಚರ್ ನನ್ನನ್ನು ಕೇಳಬಾರದಲ್ಲ, ವರ್ಷವಿಡೀ ಎಂತ ಮಾಡಿದ್ದೀರಿ ಎಂದು. ಅಭಿಪ್ರಾಯದ ಜಾಗದಲ್ಲಿ ಹೀಗೆ ಬರೆದೆ: "ಓದುವುದರಲ್ಲಿ ಹಿಂದೆ ಇದ್ದಾಳೆ. ಮನೆಯವರು ಗಮನ ಕೊಡಬೇಕು." ಮೂವತ್ತು ವರ್ಷಗಳಿಂದ ಎಷ್ಟೋ ಮಕ್ಕಳ ಪತ್ರದಲ್ಲಿ ಬರೆದ ಸಾಲು ಅದು, ಕೈ ತಾನಾಗಿಯೇ ಬರೆಯಿತು.

ಫಲಿತಾಂಶದ ದಿನ ತಾಯಿ ಬಂದರು. ಪತ್ರವನ್ನು ತಿರುಗಿಸಿ ನೋಡಿ ಮಗಳ ಕೈಗೆ ಕೊಟ್ಟರು.

"ಟೀಚರ್ ಎಂತ ಬರ್ದಿದ್ದಾರೆ, ಇವಳೇ ಓದ್ಲಿ. ಇವಳಪ್ಪನಿಗೆ ಕಳಿಸ್ಬೇಕು. ಮಗಳು ಓದುವುದು ಕೇಳ್ಬೇಕು ಅಂತ ಎಷ್ಟು ದಿನದಿಂದ ಹೇಳ್ತಾ ಇದ್ದಾರೆ," ಎಂದು ಫೋನಿನಲ್ಲಿ ವಾಟ್ಸಾಪ್ ತೆರೆದು ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಹಿಡಿದರು.

ಪತ್ರ ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಅವಳು ಬೆರಳಿಟ್ಟು ಶುರು ಮಾಡಿಯಾಗಿತ್ತು. ಅವಳಿಗಿಂತ ಮೊದಲು ಯಾರೂ ಓದಿ ಹೇಳದ ಸಾಲು ಅದು. ಓ, ದು, ವು. ಹಿಂದೆ ಎಂಬಲ್ಲಿ ಸ್ವಲ್ಪ ನಿಂತಳು, ದಾಟಿದಳು. ಇದ್ದಾಳೆ ಎಂಬಲ್ಲಿ ಒತ್ತಕ್ಷರ ಇತ್ತು. ಅದನ್ನೂ ದಾಟಿದಳು. ಕೊಡಬೇಕು ಎನ್ನುವ ತನಕ ಒಂದು ಅಕ್ಷರವನ್ನೂ ಬಿಡಲಿಲ್ಲ.

ತಾಯಿ ಫೋನಿನಿಂದ ಬೆರಳು ತೆಗೆದರು. ಆಮೇಲೆ ಮೆಲ್ಲನೆ, "ನಾನು ಎಂತ ಗಮನ ಕೊಡುವುದು ಟೀಚರ್? ನನಗೆ ಓದ್ಲಿಕ್ಕೆ ಬರುವುದಿಲ್ಲ," ಎಂದರು.

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ ವಿಷಯ.

"ಸರಿ ಓದಿದ್ನಾ ಟೀಚರ್?"

"ಸರಿ ಓದಿದ್ದಿ ಮಗಾ," ಎಂದೆ. ಪೆನ್ನು ತೆಗೆದು ಬರೆದ ಎರಡು ವಾಕ್ಯಗಳನ್ನೂ ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿದೆ. ಅಷ್ಟರಲ್ಲಿ ಅವಳ ದನಿ ಗಲ್ಫಿಗೆ ಹೋಗಿ ಆಗಿತ್ತು.